ತೂಕಕ್ಕೆ ಬಿದ್ದ ಸಗಣಿ

ಹಸು ಬಾಲ ಎತ್ತಿತೆಂದರೆ ಓಡಬೇಕು. ಸಗಣಿ ನೆಲಕ್ಕೆ ಬಿದ್ದು ಗಂಜಲದೊಂದಿಗೆ ಬೆರೆತರೆ ಆ ದಿನದ ಲೆಕ್ಕ ಕೆಟ್ಟಿತು. ನಾಗಪುರದ ಪಶುವೈದ್ಯಕೀಯ ಕಾಲೇಜಿನಲ್ಲಿ ಪಶು ಆಹಾರ ವಿಭಾಗ ಸೇರಿದ ಬೀದರ್ ಕಡೆಯ ಹುಡುಗ ಕಲಿತ ಮೊದಲ ಪಾಠ ಇದು. ಹಿರಿಯ ವಿದ್ಯಾರ್ಥಿಯೊಬ್ಬರ ಪ್ರಯೋಗಕ್ಕೆ ಸಹಾಯಕನಾದವನ ಕೈಗೆ ಬಂದದ್ದು ಸಲಿಕೆ, ಮುಚ್ಚಳದ ಬಕೆಟ್ಟು ಮತ್ತು ತಕ್ಕಡಿ. ರಾತ್ರಿ ಪಾಳಿಯಲ್ಲಿ ತೂಕಡಿಸಿದರೆ ಕೊಟ್ಟಿಗೆಯ ಆಳು ಎಬ್ಬಿಸುತ್ತಿದ್ದ: "ಡಾಕ್ಟರ್ ಸಾಹೇಬ್, ಏಳಿ, ಬಾಲ ಎತ್ತೈತಿ!"

ಊರಿಂದ ಫೋನು ಮಾಡಿದ ಅವ್ವನಿಗೆ ನಗು ತಡೆಯಲಿಲ್ಲ. "ಸಗಣಿ ಬಳ್ಯಾಕ ಅಷ್ಟು ದೂರ ಹೋಗಬೇಕಿತ್ತೇನಪಾ? ಮನ್ಯಾಗ ಎಮ್ಮಿ ಇರಲಿಲ್ಲೇನು?"

ಮನೆಯ ಎಮ್ಮೆಯ ಸಗಣಿಯನ್ನು ಯಾರೂ ತೂಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಕಿದ ಮೇವು, ಬುಟ್ಟಿಯಲ್ಲಿ ಉಳಿದ ಮೇವು, ಹೊರಬಂದ ಸಗಣಿ ಎಲ್ಲವನ್ನೂ ತೂಗಿ, ಒಂದಿಷ್ಟನ್ನು ಒಲೆಯಲ್ಲಿ ಒಣಗಿಸಿ ನೀರಿನ ಭಾಗ ಕಳೆಯಬೇಕು. 10 ಕಿಲೊ ಒಣಪದಾರ್ಥ ತಿಂದ ಹಸು 4 ಕಿಲೊ ಹೊರಹಾಕಿದರೆ ಜೀರ್ಣವಾದದ್ದು ಶೇ. 60. 1860ರ ದಶಕದಲ್ಲಿ ಜರ್ಮನಿಯ ಗಟಿಂಗೆನ್ ಬಳಿಯ ವೇಂಡೆಯಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎತ್ತುಗಳನ್ನು ಕಟ್ಟಿಕೊಂಡು ಮಾಡಿದ್ದೂ ಇದನ್ನೇ. ತಕ್ಕಡಿ ಈಗ ಎಲೆಕ್ಟ್ರಾನಿಕ್ ಆಗಿದೆ, ಸಲಿಕೆ ಹಾಗೇ ಇದೆ.

ನಾಗಪುರದ ಈ ಪ್ರಯೋಗದಲ್ಲಿ ಮೇವಿನ ಜತೆ ಹತ್ತಿಕಾಳಿನ ಹಿಂಡಿ ಇತ್ತು. ಊರಿನ ಸುತ್ತಲ ಹತ್ತಿ ಸೀಮೆಯಾದ ವಿದರ್ಭದಲ್ಲಿ ಇನ್ನೇನಿರಲು ಸಾಧ್ಯ? 1877ರಲ್ಲೇ ಜಮ್‌ಶೆಟ್‌ಜಿ ಟಾಟಾ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಎಂಬ ಹತ್ತಿ ಗಿರಣಿ ತೆರೆದರು. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಇದೇ ಊರಲ್ಲಿದೆ. ಅರಳೆ ಗಿರಣಿಗೆ ಹೋದರೆ ಕಾಳು ಗಾಣಕ್ಕೆ, ಎಣ್ಣೆ ತೆಗೆದ ಮೇಲೆ ಹಿಂಡಿ ಕೊಟ್ಟಿಗೆಗೆ. ಅದರಲ್ಲಿ ಗಾಸಿಪಾಲ್ ಎಂಬ ವಿಷವಸ್ತು ಉಂಟು. ಕೋಳಿಗೆ, ಹಂದಿಗೆ, ಇನ್ನೂ ಮೆಲುಕು ಹಾಕಲು ಕಲಿಯದ ಎಳೆಗರುವಿಗೆ ಅದು ಕೆಡುಕು. ಬೆಳೆದ ಹಸುವಿನ ಮೊದಲ ಹೊಟ್ಟೆಯಲ್ಲಿ ಮಾತ್ರ ಅದರ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡು ತೆಪ್ಪಗಾಗುತ್ತದೆ.

ಹಗಲೆಲ್ಲ ಪ್ರಯೋಗಾಲಯ. ಹಿಂಡಿಯ ಪುಡಿಯನ್ನೋ ಸಗಣಿಯನ್ನೋ ಗಂಧಕಾಮ್ಲದಲ್ಲಿ ಕುದಿಸಬೇಕು. ಕಂದು ದ್ರವ ತಿಳಿಯಾದ ಮೇಲೆ ಕ್ಷಾರ ಬೆರೆಸಿ ಅಮೋನಿಯಾ ಬಟ್ಟಿ ಇಳಿಸಿ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನು. ವಿಧಾನ ಯೋಹಾನ್ ಕೆಲ್ಡಾಲ್‌ನದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬೀರು ಕಂಪನಿಯ ಪ್ರಯೋಗಾಲಯದಲ್ಲಿದ್ದ ಅವನು ಧಾನ್ಯದ ಪ್ರೋಟೀನು ಅಳೆಯಲೆಂದು 1883ರಲ್ಲಿ ಇದನ್ನು ಪ್ರಕಟಿಸಿದ. ಬೀರಿಗೆ ಹುಟ್ಟಿದ ವಿದ್ಯೆ ಸಗಣಿಗೂ ಸಲ್ಲುತ್ತದೆ ಎಂದು ಹುಡುಗ ಹಾಸ್ಟೆಲಿನಲ್ಲಿ ಹೇಳಿ ನಗಿಸುತ್ತಿದ್ದ.

ಆದರೆ ಕೆಲ್ಡಾಲ್ ವಿಧಾನ ಸಾರಜನಕವನ್ನು ಎಣಿಸುತ್ತದೆಯೇ ಹೊರತು ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಒಂದು ಹಿಡಿ ಯೂರಿಯಾ ಬೆರೆಸಿದ ಕಳಪೆ ಹಿಂಡಿಯೂ ಅದರ ಮುಂದೆ ಉತ್ತಮ ಹಿಂಡಿಯೇ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ಸುರಿದವರು ನುಸುಳಿದ್ದು ಈ ಕಿಂಡಿಯಿಂದಲೇ. ಲಕ್ಷಾಂತರ ಮಕ್ಕಳು ಕಾಯಿಲೆ ಬಿದ್ದರು. ಆದ್ದರಿಂದ ಹಿಂಡಿ ಕೊಳ್ಳುವವರು ಚೀಲದ ಮೇಲಿನ ಪ್ರೋಟೀನ್ ಅಂಕಿಯನ್ನಷ್ಟೇ ನೋಡಿ ದುಡ್ಡು ಕೊಡಬೇಡಿ. ಯೂರಿಯಾ ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ.