ನಿಧಾನವೂ ನಿದಾನವೂ

ಮಹಾಪ್ರಾಣವನ್ನು ಬಿಟ್ಟು ಬರೆಯುವುದರಿಂದ ಆಗುವ ಅನರ್ಥಗಳನ್ನು ಕುರಿತು ಮೂವತ್ತು ವರ್ಷಕಾಲ ಹುಡುಗರಿಗೆ ಹೇಳಿದವನು ನಾನು. ‘ನಿಧಾನ’ವೆಂದರೆ ಮೆಲ್ಲಗೆ ಎಂದು ಜನರ ರೂಢಿ, ‘ನಿದಾನ’ವೆಂದರೆ ರೋಗದ ಮೂಲಕಾರಣ. ಈ ಎರಡು ಪದಗಳೂ ಕೂಡಿಕೊಂಡು ನನ್ನ ಮನೆಯ ಬಾಗಿಲಿಗೆ ಬಂದುದು 2023ನೆಯ ಇಸವಿಯ ಮಳೆಗಾಲದಲ್ಲಿ, ನಮ್ಮ ಹಳೆಯ ಡೀಸೆಲ್ ಕಾರಿನ ರೂಪದಲ್ಲಿ.

ನನ್ನ ಮನೆಯಾಕೆಗೆ ಸಕ್ಕರೆ ರೋಗದಿಂದ ಕಣ್ಣಿನ ಒಳಪೊರೆಯಲ್ಲಿ ನೀರು ತುಂಬಿ ದೃಷ್ಟಿ ಮಸುಕಾಗುತ್ತ ಬಂದಿತ್ತು. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ಕಣ್ಣಿಗೆ ಸೂಜಿಮದ್ದು ಹಾಕಿಸಬೇಕು. ಗಡುವು ತಪ್ಪಬಾರದೆಂದು ವೈದ್ಯರ ಕಟ್ಟಪ್ಪಣೆ. ತೀರ್ಥಹಳ್ಳಿಯಿಂದ ಆಗುಂಬೆ, ಸೋಮೇಶ್ವರ, ಹೆಬ್ರಿಗಳ ಮೇಲೆ ಹೋಗುವ ದಾರಿ. ಹೋಗುವಾಗ ಘಾಟಿ ಇಳಿಜಾರು. ಕಾರು ಹರಿಯುವ ನೀರಿನಂತೆ ಇಳಿಯುತ್ತಿತ್ತು. ಹಿಂದಿರುಗುವಾಗ ಹದಿನಾಲ್ಕು ತಿರುವುಗಳನ್ನು ಹತ್ತಬೇಕಷ್ಟೆ. ಜೂನ್ ತಿಂಗಳ ಒಂದು ಸಂಜೆ ಏಳನೆಯ ತಿರುವಿನಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿತು, ಎಂಜಿನ್ನು ಉಸಿರುಗಟ್ಟಿದಂತೆ ನರಳಿ ನಿಂತುಹೋಯಿತು. ಹೊರಗೆ ಆಗುಂಬೆಯ ಮಳೆ. ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಆಕೆ. ಹಿಂದೆ ವಾಹನಗಳ ಸಾಲು, ಅವುಗಳ ಕೂಗು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ, ಏನೂ ಆಗಿಲ್ಲವೆಂಬಂತೆ ಎದ್ದು, ಮೆಲ್ಲಮೆಲ್ಲನೆ ಬಿಟ್ಟರೆ ಹತ್ತಿತು. ಅವಸರಪಡಿಸಿದರೆ ಮತ್ತೆ ನಿಂತಿತು.

ಮೊದಲನೆಯ ಕಾರ್ಖಾನೆಯವರು ಗಣಕವನ್ನು ತಗುಲಿಸಿ ನೋಡಿ, “ಇಂಧನದ ಒತ್ತಡ ಸಾಲದು” ಎಂದರು. ಅದು ಸುಳ್ಳಲ್ಲ. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಅದರ ಬಿಸಿಯಿಂದಲೇ ಎಣ್ಣೆಯನ್ನು ಹೊತ್ತಿಸಬಹುದೆಂದು ರುಡಾಲ್ಫ್ ಡೀಸೆಲ್ ಎಂಬಾತನು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ಯಂತ್ರವನ್ನೇ ನಡೆಯಿಸಿ ತೋರಿಸಿದನು. ಹಾಗೆ ಒತ್ತಿದ ಗಾಳಿಯೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಬೇಕಾದರೆ ಎಣ್ಣೆಗೆ ಅತಿಶಯವಾದ ಒತ್ತಡ ಬೇಕು. ಈಗಿನ ಕಾರುಗಳಲ್ಲಿ ‘ಕಾಮನ್ ರೈಲ್’ ಎಂಬ ಒಂದು ದಪ್ಪನೆಯ ಕೊಳವೆಯಲ್ಲಿ ಎಣ್ಣೆಯನ್ನು ತುಂಬಿಟ್ಟಿರುತ್ತಾರೆ. ಕಾರು ಸುಮ್ಮನೆ ನಿಂತು ಗುಡುಗುಡಿಸುವಾಗಲೇ ಅಲ್ಲಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸುಮಾರು 300 ಪಟ್ಟು. ಭಾರವನ್ನು ಹೊತ್ತು ಏರುವಾಗ 1600 ಪಟ್ಟಿನವರೆಗೂ ಹೋಗುವುದುಂಟು. ಬೇಡಿದಷ್ಟು ಒತ್ತಡ ಸಿಕ್ಕದಿದ್ದರೆ ಗಣಕವು ದೀಪ ಹಚ್ಚಿ ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆ, ಇಲ್ಲವೇ ನಿಲ್ಲಿಸಿಯೇ ಬಿಡುತ್ತದೆ. ಆದರೆ ಒತ್ತಡ ಸಾಲದೆಂಬುದು ರೋಗದ ರೂಪವೇ ಹೊರತು ನಿದಾನವಲ್ಲ. ಜ್ವರ ಬಂದವನಿಗೆ ‘ಮೈ ಬಿಸಿಯಾಗಿದೆ’ ಎಂದಂತಾಯಿತು.

ಅವರು ಶೋಧಕವನ್ನು, ಅಂದರೆ ಫಿಲ್ಟರನ್ನು, ಬದಲಾಯಿಸಿದರು. ಹಳೆಯದರಲ್ಲಿ ಕಪ್ಪು ಕೆಸರಿತ್ತು. “ನೀವು ಹಾಕಿಸುವ ಡೀಸೆಲ್ ಕಲಬೆರಕೆ, ಸಾರ್” ಎಂದು ಅಲ್ಲಿಯ ತರುಣನು ನುಡಿದನು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ನಾನು ನೆಟ್ಟಗೆ ಬಂಕಿಗೆ ಹೋಗಿ, ಹನ್ನೊಂದು ವರ್ಷದಿಂದ ನನಗೆ ಡೀಸೆಲ್ ಹಾಕಿದ ಯಜಮಾನರನ್ನು ಹತ್ತು ಜನರ ಮುಂದೆ ಬಾಯಿಗೆ ಬಂದಂತೆ ಆಡಿದೆ. ಅವರು ಗಾಜಿನ ಜಾಡಿಯನ್ನೂ ಸಾಂದ್ರತೆಯನ್ನು ಅಳೆಯುವ ಮಾಪಕವನ್ನೂ ತಂದು, “ಮೇಷ್ಟ್ರೇ, ನೀವೇ ಅಳೆದು ನೋಡಿ” ಎಂದರು. ಪ್ರಮಾಣವಿಲ್ಲದೆ ಪ್ರಮೇಯವಿಲ್ಲವೆಂದು ಪಾಠ ಹೇಳಿದ ನಾನು ನೋಡದೆಯೇ ಹೊರಟುಬಂದೆ.

ಹೊಸ ಶೋಧಕ ಹಾಕಿದ ಮೇಲೆ, ಬೇರೊಂದು ಬಂಕಿನಲ್ಲಿ, ಸಂತೋಷದಿಂದ ಟ್ಯಾಂಕು ತುಂಬಿಸಿದೆ. ಕಾರು ಕುದುರೆಯಂತೆ ಓಡಿತು. ಮೂರು ವಾರದ ಮೇಲೆ ಅದೇ ಘಾಟಿಯಲ್ಲಿ ಅದೇ ದೀಪ. ಎರಡನೆಯ ಕಡೆ ಒತ್ತಡವನ್ನು ತಿಳಿಸುವ ಸಂವೇದಕವನ್ನು ಬದಲಾಯಿಸಿದರು. ಮತ್ತೆ ಟ್ಯಾಂಕು ತುಂಬಿಸಿದೆ, ಮತ್ತೆ ಓಡಿತು, ಮತ್ತೆ ನಿಂತಿತು. ಬಳಿಕ ಪಂಪಿಗೆ ಹೋಗುವ ಎಣ್ಣೆಯನ್ನು ಅಳೆದು ಬಿಡುವ ಕವಾಟ. ಅದರ ಕಥೆಯೂ ಅಷ್ಟೆ. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸಬಾರದೆಂಬ ಕಾಕತಾಲೀಯ ನ್ಯಾಯವನ್ನು ನಾನು ಎಷ್ಟು ಸಲ ವಿವರಿಸಿರುವೆನೋ! ಮೂರು ಕಾಗೆಗಳಿಗೆ ಇಪ್ಪತ್ತೆರಡು ಸಾವಿರ ರೂಪಾಯಿ ತೆತ್ತ ಮೇಲೂ ಹಣ್ಣಿನ ತೊಟ್ಟನ್ನು ನೋಡಲಿಲ್ಲ. ಕೊನೆಗೆ ಅಧಿಕ ಒತ್ತಡದ ಪಂಪೇ ಹೋಗಿದೆ, ಅರುವತ್ತು ಸಾವಿರವಾಗುತ್ತದೆ ಎಂದರು. ಕಾರು ಅಲ್ಲಿಯೇ ನಿಂತಿತು. ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಾಗಿತ್ತು. ‘ಇನ್ನೆರಡು ದಿನ’ ಎನ್ನುತ್ತ ಮನೆಯಾಕೆಯ ಸೂಜಿಮದ್ದಿನ ಗಡುವನ್ನು ಹದಿನೇಳು ದಿನ ದಾಟಿಸಿದವನು ನಾನೇ. ಆ ಸಲ ಗೋಡೆಯ ಮೇಲಿನ ಅಕ್ಷರಗಳಲ್ಲಿ ಕೆಳಗಿನ ಎರಡು ಸಾಲು ಆಕೆಗೆ ಕಾಣಿಸಲಿಲ್ಲ. ವೈದ್ಯರು ನನ್ನ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ.

ಪಂಪನ್ನು ಕೊಳ್ಳದೆ ಕಾರನ್ನು ಬಿಡಿಸಿಕೊಂಡು, ಊರ ಹೊರಗೆ ತಗಡಿನ ಚಪ್ಪರದಲ್ಲಿ ಕೆಲಸ ಮಾಡುವ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಮುಚ್ಚಳವನ್ನು ತೆರೆಯಲೇ ಇಲ್ಲ. ಬೀಡಿಯನ್ನು ದೂರ ಎಸೆದು, “ಯಾವಾಗ ನಿಲ್ಲುತ್ತದೆ, ಮೇಷ್ಟ್ರೇ?” ಎಂದು ಕೇಳಿದರು. ಅಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಘಾಟಿ ಹತ್ತುವಾಗ” ಎಂದೆ. “ಪ್ರತಿಸಲವೂ?” ಎಂದರು. ನಾನು ತಡವರಿಸಿದೆ.

ಆಗ ನನ್ನಾಕೆ ಚೀಲದಿಂದ ಹಾಲು-ತರಕಾರಿಯ ಲೆಕ್ಕದ ಪುಸ್ತಕವನ್ನು ತೆಗೆದು, ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದು ಓದತೊಡಗಿದಳು. ಡೀಸೆಲಿಗೆಂದು ನಾನು ಕೇಳಿ ಪಡೆದ ಹಣವೆಲ್ಲ ತಾರೀಖು ಸಹಿತ ಅದರಲ್ಲಿದ್ದಿತು. ಐದು ಸಲ ಕಾರು ನಿಂತಿದೆ. ಐದು ಸಲವೂ ಡೀಸೆಲ್ ಹಾಕಿಸಿ ಬಹಳ ದಿನ ಕಳೆದಿದ್ದವು. ಆಗತಾನೆ ಟ್ಯಾಂಕು ತುಂಬಿಸಿ ಹೊರಟ ಎರಡು ಸಲ ಘಾಟಿಯನ್ನು ತಡೆಯಿಲ್ಲದೆ ಹತ್ತಿದೆ. “ನಾನು ಆಗಲೇ ಹೇಳಿದೆನಲ್ಲ, ನೀವು ಕೇಳಲಿಲ್ಲ” ಎಂದಳು. ಹೇಳಿದ್ದುದು ನಿಜ. ಹೆಂಗಸರಿಗೆ ಯಂತ್ರದ ವಿಷಯ ತಿಳಿಯದೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

“ಹಾಗಾದರೆ ಕಾಲು ಟ್ಯಾಂಕಿಗೆ ಬಂದಾಗ ತನ್ನಿ, ಅಮ್ಮಾ” ಎಂದು ಮೇಸ್ತ್ರಿ ಆಕೆಗೇ ಹೇಳಿದರು.

ನಾಲ್ಕು ದಿನದ ಮೇಲೆ ಕಾರನ್ನು ಮೂತಿ ಮೇಲಾಗಿ ಒಂದು ಏರಿನಲ್ಲಿ ನಿಲ್ಲಿಸಿದರು. ಮೊದಲು ನಾಲ್ಕು ಇಂಜೆಕ್ಟರುಗಳಿಂದ ಹಿಂದಿರುಗುವ ಎಣ್ಣೆಯನ್ನು ನಾಲ್ಕು ಸೀಸೆಗಳಲ್ಲಿ ಹಿಡಿದರು. ನಾಲ್ಕರಲ್ಲಿಯೂ ಸಮಸಮನಾಗಿ, ಕೊಂಚವೇ ಬಂದಿತು. ಸೋರುವ ಇಂಜೆಕ್ಟರಾದರೆ ಅದರ ಸೀಸೆ ಬೇಗ ತುಂಬುವುದಂತೆ. ಬಳಿಕ ಪಂಪಿನ ಬಾಯಿಗೆ ಬರುವ ಕರಿಯ ಕೊಳವೆಯ ಬದಲು ಪಾರದರ್ಶಕವಾದುದೊಂದನ್ನು ಜೋಡಿಸಿ, ಎಂಜಿನ್ನನ್ನು ಜೋರಾಗಿ ನಡೆಯಿಸಿದರು. ಹೊಂಬಣ್ಣದ ಎಣ್ಣೆಯಲ್ಲಿ ಗುಳ್ಳೆಗಳು ಸಾಲುಗಟ್ಟಿ ಹರಿದುವು. ಗಣಕದಲ್ಲಿ ಬೇಡಿದ ಒತ್ತಡವೂ ಸಿಕ್ಕಿದ ಒತ್ತಡವೂ ಬೇರೆಬೇರೆಯಾದುವು. ಆ ಕೊಳವೆಯನ್ನು ಟ್ಯಾಂಕಿನ ಕಡೆಯಿಂದ ಕಳಚಿ ಒಂದು ಡಬ್ಬಿಯ ಡೀಸೆಲಿಗೆ ಇಳಿಬಿಟ್ಟರು. ಗುಳ್ಳೆಗಳು ಮಾಯವಾದುವು, ಅಂಕಿಗಳೆರಡೂ ಒಂದಾದುವು. ನಮ್ಮ ವೈದ್ಯಶಾಸ್ತ್ರದ ನಿದಾನಪಂಚಕದಲ್ಲಿ ‘ಉಪಶಯ’ವೆಂಬುದೊಂದಿದೆ: ಸಂದೇಹವಾದಾಗ ಏನನ್ನಾದರೂ ಕೊಟ್ಟು, ಶಮನವಾಯಿತೇ ಉಲ್ಬಣಿಸಿತೇ ಎಂದು ನೋಡಿ ರೋಗವನ್ನು ತಿಳಿಯುವುದು. ಮಾಧವಕರನನ್ನು ಓದದ ಮೇಸ್ತ್ರಿ ಅದನ್ನು ಡಬ್ಬಿಯಲ್ಲಿ ತೋರಿಸಿದರು. ಪಂಪಿನಲ್ಲಿ ದೋಷವಿರಲಿಲ್ಲ.

ಕೆಲವು ಕಾರುಗಳ ಟ್ಯಾಂಕಿನಲ್ಲಿ ಎಣ್ಣೆಯನ್ನು ದೂಡುವ ವಿದ್ಯುತ್ ಪಂಪಿರುತ್ತದೆ. ನಮ್ಮದರಲ್ಲಿ ಇಲ್ಲ, ಮುಂದಿನ ಪಂಪೇ ನಾವು ಎಳನೀರನ್ನು ಹೀರುವಂತೆ ಎಣ್ಣೆಯನ್ನು ಹೀರಿಕೊಳ್ಳಬೇಕು. ಹೀರುವ ದಾರಿಯಲ್ಲಿ ಬಿರುಕಿದ್ದರೆ ಎಣ್ಣೆ ಹೊರಕ್ಕೆ ಬರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ನೆಲದ ಮೇಲೆ ತೊಟ್ಟೂ ಬೀಳದ ಈ ಸೋರಿಕೆಯನ್ನು ಯಾರು ತಾನೆ ಕಂಡಾರು! ಹಿಂದಿನ ಆಸನವನ್ನು ಎತ್ತಿ, ಕೆಳಗಿನ ಮುಚ್ಚಳವನ್ನು ಬಿಚ್ಚಿ, ಟ್ಯಾಂಕಿನೊಳಗಣ ಹೀರುಗೊಳವೆಯನ್ನು ಹೊರಕ್ಕೆ ತೆಗೆದರು. ನಡುವಿನ ಬಾಗಿನಲ್ಲಿ ಕೂದಲೆಳೆಯಷ್ಟು ಸೀಳು. ಬಗ್ಗಿಸಿದರೆ ಬಾಯಿ ತೆರೆಯಿತು. ಟ್ಯಾಂಕು ತುಂಬಿದ್ದಾಗ ಸೀಳು ಎಣ್ಣೆಯಲ್ಲಿ ಮುಳುಗಿ ಎಣ್ಣೆಯನ್ನೇ ಹೀರುತ್ತಿತ್ತು. ಎಣ್ಣೆ ಇಳಿದು, ಏರಿನಲ್ಲಿ ಅದು ಹಿಂದಕ್ಕೆ ಸರಿದಾಗ ಸೀಳು ಬಯಲಾಗಿ ಗಾಳಿಯನ್ನು ಹೀರುತ್ತಿತ್ತು. ನಾನು ಪ್ರತಿಸಲ ಟ್ಯಾಂಕು ತುಂಬಿಸಿ, ರೋಗವನ್ನು ಮುಚ್ಚಿ, ಬದಲಾಯಿಸಿದ ಭಾಗಕ್ಕೆ ಕೀರ್ತಿಯನ್ನು ಕೊಟ್ಟಿದ್ದೆ. ಹೊಸ ಕೊಳವೆಗೂ ಕೂಲಿಗೂ ಸೇರಿ ಎರಡು ಸಾವಿರವೂ ಆಗಲಿಲ್ಲ.

ಮಣಿಪಾಲಕ್ಕೆ ಹೊರಡುವ ಬೆಳಿಗ್ಗೆ ಹಳೆಯ ಬಂಕಿಗೆ ಹೋದೆ. ಕಾರಿನಿಂದ ಇಳಿದು, ಜನರಿದ್ದಾಗಲೇ, ನಡೆದುದನ್ನು ಹೇಳಿ, ತಪ್ಪಾಯಿತೆಂದೆ. ಯಜಮಾನರು ಕೆಲವು ಕ್ಷಣ ಸುಮ್ಮನಿದ್ದು, “ಆಗಲಿ ಬಿಡಿ, ಮೇಷ್ಟ್ರೇ. ಟ್ಯಾಂಕು ತುಂಬಿಸಲೇ?” ಎಂದು ಕೇಳಿದರು.

“ಬೇಡ, ಹತ್ತೇ ಲೀಟರು.”

ಅವರ ಮುಖ ಸಣ್ಣದಾಯಿತು. “ಇನ್ನೂ ನಂಬಿಕೆ ಬಂದಿಲ್ಲವೇ?”

ಕಡಮೆ ಎಣ್ಣೆಯಲ್ಲಿಯೇ ಘಾಟಿ ಹತ್ತಿ ನೋಡಬೇಕಾಗಿದೆಯೆಂದು ನಾನು ವಿವರಿಸಹೊರಟರೆ ಮಾತು ಕೂಡಿಬರಲಿಲ್ಲ. ಮನೆಯಾಕೆಯೇ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲವನ್ನೂ ಹೇಳಿದಳು. ಅವರು ನಕ್ಕುಬಿಟ್ಟರು.

ಆ ಸಂಜೆಯೂ ಮಳೆಯಿತ್ತು. ಸೋಮೇಶ್ವರ ದಾಟಿದಾಗ ಎಣ್ಣೆಯ ಮುಳ್ಳು ಕಾಲಿಗಿಂತ ಕೆಳಗಿದ್ದಿತು. ಆಕೆ ಪಟ್ಟಿ ಕಟ್ಟಿದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ತಿರುವುಗಳನ್ನು ಒಂದೊಂದಾಗಿ ಎಣಿಸಿದಳು. ಏಳನೆಯದರಲ್ಲಿ ಇಬ್ಬರೂ ಉಸಿರಾಡಲಿಲ್ಲ. ಹದಿನಾಲ್ಕು ಎಂದಾಗ ಎದುರಿಗೆ ಮಂಜಿನಲ್ಲಿ ಆಗುಂಬೆಯ ದೀಪಗಳು ಕಂಡುವು; ಫಲಕದ ಹಳದಿ ದೀಪ ಹೊತ್ತಿರಲಿಲ್ಲ.

“ನಾಳೆ ತುಂಬಿಸಿಕೊಂಡು ಬನ್ನಿ” ಎಂದು ಆಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಳು.