ಕಟ್ಟಿ ಹಾಕಲು ಹೇಳಿದವರು ನಾವೇ

ಮಸ್ಕಿ ಕಡೆಯ ಒಂದು ಹಳ್ಳಿಯಿಂದ ಇಶಾ ನಮಾಝಿನ ನಂತರ ನಮಗೆ ಕರೆ ಬಂದಿತು. ಹುಡುಗನಿಗೆ ಇಪ್ಪತ್ತಮೂರು ವರ್ಷ. ನಮ್ಮ ಬಳಿಯೇ ಕುರ್‌ಆನ್ ಓದಲು ಕಲಿತವನು. ನಾಲ್ಕು ರಾತ್ರಿಗಳಿಂದ ಅವನು ಮಲಗಿರಲಿಲ್ಲ. ನೆರೆಯವರು ನೀರಿಗೆ ವಿಷ ಬೆರೆಸುತ್ತಿದ್ದಾರೆಂದು ಕೊಡಗಳನ್ನೆಲ್ಲ ಉರುಳಿಸಿದ್ದನು. ಅಣ್ಣನ ಮೇಲೆ ಕುಡುಗೋಲು ಎತ್ತಿದ್ದನು. "ಹಜ್ರತ್, ಏನಾದರೂ ಮಾಡಿರಿ" ಎಂದು ತಾಯಿ ಸೆರಗೊಡ್ಡಿದರು. ನಾವು ಕುರ್‌ಆನಿನ ಕೊನೆಯ ಎರಡು ಸೂರಾಗಳನ್ನು ಓದಿ ಊದಿದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. "ಸದ್ಯಕ್ಕೆ ಕಟ್ಟಿ ಹಾಕಿರಿ, ಗುರುವಾರ ದರ್ಗಾಕ್ಕೆ ಕರೆದೊಯ್ಯಿರಿ" ಎಂದು ಹೇಳಿ ಮನೆಗೆ ಬಂದು ಮಲಗಿದೆವು.

ಹುಡುಗನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಗುರುವಾರ ದರ್ಗಾಕ್ಕೂ ಹಾಗೆಯೇ ಕಟ್ಟಿಕೊಂಡು ಹೋಗಿ ಬಂದರು. ಒಟ್ಟು ಹನ್ನೊಂದು ದಿನ. ಆಶಾ ಕಾರ್ಯಕರ್ತೆಯೊಬ್ಬರು ಬೇರೆ ಕೆಲಸಕ್ಕೆ ಬಂದವರು ಅವನ ಮಣಿಕಟ್ಟಿನ ಹುಣ್ಣನ್ನು ನೋಡಿ ಗಲಾಟೆ ಮಾಡದಿದ್ದರೆ ಇನ್ನೆಷ್ಟು ದಿನವೋ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಮನೋರೋಗಿಗಳ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಅಲ್ಲಿಯ ದರ್ಗಾದ ಬರಕತ್ತನ್ನು ನಂಬಿ ಮನೆಯವರು ತಂದು ಬಿಟ್ಟಿದ್ದವರು ಅವರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಆಗ ನಾವು ಮದ್ರಸಾ ವಿದ್ಯಾರ್ಥಿ. ಪತ್ರಿಕೆಯಲ್ಲಿ ಓದಿ, ಇನ್ನಾ ಲಿಲ್ಲಾಹಿ ಹೇಳಿ, ಮರೆತೆವು. ಮರೆಯದಿದ್ದರೆ ಆ ರಾತ್ರಿ ನಮ್ಮ ಬಾಯಿಂದ ಅಂಥ ಮಾತು ಬರುತ್ತಿತ್ತೇ?

ತಾಲೂಕು ಆಸ್ಪತ್ರೆಯ ವೈದ್ಯರು ಮನೋವೈದ್ಯರಲ್ಲ. ಆದರೂ ಅಣ್ಣನ ಒಪ್ಪಿಗೆ ಪಡೆದು ಚುಚ್ಚುಮದ್ದು ಕೊಟ್ಟು, ಚೀಟಿಯ ಮೇಲೆ ಗಂಟೆ ಬರೆದರು. ಗಂಟೆಯೇಕೆ ಎಂದು ಕೇಳಿದಾಗ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮಾತು ಬಂದಿತು. 2017ರಲ್ಲಿ ಆದ ಈ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 94ನೆಯ ಕಲಮಿನಂತೆ, ರೋಗಿಯ ಪ್ರಾಣಕ್ಕೆ ಅಪಾಯವಿದ್ದರೆ, ಅವನಿಂದ ತನಗೋ ಪರರಿಗೋ ಗಂಭೀರ ಹಾನಿಯಾಗುವಂತಿದ್ದರೆ, ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು. ಆದರೆ 72 ಗಂಟೆಗಳ ಮಿತಿಯಿದೆ. ಅಷ್ಟರೊಳಗೆ ಅವನನ್ನು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಬೇಕು. ಈ ತುರ್ತಿನ ಹೆಸರಿನಲ್ಲಿ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವಂತಿಲ್ಲ.

ರಾಯಚೂರಿಗೆ ಹೊರಡುವಾಗ ತಾಯಿ ಅಡ್ಡ ನಿಂತರು. "ಸಹಿ ಮಾಡಿದರೆ ಅವನನ್ನು ಜೀವಮಾನವಿಡೀ ಒಳಗೆ ಹಾಕುತ್ತಾರೆ, ಹಜ್ರತ್." ಅವರ ಹೆದರಿಕೆ ಸುಳ್ಳಾಗಿರಲಿಲ್ಲ, ಹಿಂದೆ ಎಷ್ಟೋ ಜನ ಹುಚ್ಚಾಸ್ಪತ್ರೆಗಳಲ್ಲಿಯೇ ಮುದುಕರಾದರು. ಪರಿಚಯದ ವಕೀಲರಿಂದ ಕಾಯ್ದೆಯ ಪ್ರತಿ ತರಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದೆವು. ಬಿ.ಎ.ಯಲ್ಲಿ ಕನ್ನಡ ಓದಿದ ನಮಗೆ ಆ ಇಂಗ್ಲಿಷು ಹದೀಸಿನ ಸನದಿಗಿಂತ ಕಷ್ಟವಾಯಿತು. 89ನೆಯ ಕಲಮು: ರೋಗಿ ಸ್ವತಃ ನಿರ್ಧರಿಸಲಾರದ ಸ್ಥಿತಿಯಲ್ಲಿದ್ದಾಗ ಅವನ ಪ್ರತಿನಿಧಿ ಅರ್ಜಿ ಕೊಡಬೇಕು, ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ತಜ್ಞರೋ ವೈದ್ಯರೋ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, 30 ದಿನಕ್ಕಿಂತ ಹೆಚ್ಚು ಇಡುವುದಾದರೆ ಮತ್ತೆ ಹೊಸದಾಗಿ ಕಾರಣ ತೋರಿಸಬೇಕು. ದಾಖಲು ಮಾಡಿದ ಸುದ್ದಿಯನ್ನು 7 ದಿನದೊಳಗೆ, ಹೆಂಗಸರಾದರೆ, ಮಕ್ಕಳಾದರೆ 3 ದಿನದೊಳಗೆ, ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿಯೇ ಆ ಮಂಡಳಿಗೆ ದೂರು ಕೊಡಬಹುದು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. 95ನೆಯ ಕಲಮಿಗೆ ಬಂದಾಗ ನಮ್ಮ ಧ್ವನಿ ಇಳಿಯಿತು. ಯಾವ ರೀತಿಯಲ್ಲಿಯೂ ಸರಪಳಿ ಹಾಕಕೂಡದು ಎಂದಿತ್ತು ಅದರಲ್ಲಿ. ನಾವು ಹೇಳಿದ್ದು ಹಗ್ಗ ಎಂದು ಸಮಾಧಾನ ಹೇಳಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ತಾಯಿ ಹೆಬ್ಬೆಟ್ಟು ಒತ್ತಿದರು. ಹುಡುಗನು ಇಪ್ಪತ್ತೆರಡನೆಯ ದಿನ ಮನೆಗೆ ಬಂದನು.

ಮಲಗಿದವನು ಏಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಕಳೆದುಕೊಂಡವನು ಮರಳಿ ಪಡೆಯುವ ತನಕ ಅವರ ಮೇಲಿನ ಲೇಖನಿ ಎತ್ತಲ್ಪಟ್ಟಿದೆ ಎಂಬ ಹದೀಸಿನ ಆಶಯವನ್ನು ನಾವು ವರ್ಷವರ್ಷವೂ ಮಕ್ಕಳಿಗೆ ಕಲಿಸುತ್ತೇವೆ. ಆ ಹನ್ನೊಂದು ದಿನ ಅವನ ಲೇಖನಿ ಎತ್ತಲ್ಪಟ್ಟಿತ್ತು. ನಮ್ಮದು ಬರೆಯುತ್ತಲೇ ಇತ್ತು.

ನಮ್ಮಲ್ಲಿ ಕೆಲವರು ಇಂಥ ಮಾತು ಬಂದಾಗ ಹಳೆಯ ಬೀಮಾರಿಸ್ತಾನಗಳನ್ನು ನೆನೆದು ಹೆಮ್ಮೆಪಡುತ್ತಾರೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು, ನಿಜ. ಆದರೆ ದಮಾಸ್ಕಸ್ಸಿನ ಅಂಥದೇ ಆಸ್ಪತ್ರೆಯಲ್ಲಿ ರೋಗಿಗಳನ್ನು ಸರಪಳಿಯಿಂದ ಕಟ್ಟಿದ್ದನ್ನು ಪ್ರವಾಸಿ ಇಬ್ನ್ ಜುಬೈರ್ ಬರೆದಿಟ್ಟಿದ್ದಾರೆ. ಅಷ್ಟು ದೂರವೇಕೆ? ನಮ್ಮ ಸಿಂಧನೂರಿನ ನೆರೆಯ ಬಳ್ಳಾರಿಯಲ್ಲಿಯೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯ ಮನೋರೋಗಿಗೆ ಹಳ್ಳಿಯ ಹತ್ತಿರವೇ ಮಾತ್ರೆ ಸಿಗುವಂತೆ ಮಾಡಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದೇ ಮಾದರಿಯಿಂದ ಹುಟ್ಟಿತು. ಲಿಂಗಸೂಗೂರಿನ, ಮಸ್ಕಿಯ ಬಡವನಿಗೆ ಇಂದಿಗೂ ಜಿಲ್ಲಾ ಕೇಂದ್ರದ ದಾರಿ ದೂರವೇ. ಕಾನೂನಿನ 72 ಗಂಟೆಗಳಲ್ಲಿ ಎಷ್ಟೋ ಗಂಟೆ ಗಾಡಿಯ ಬಾಡಿಗೆ ಹೊಂದಿಸುವುದರಲ್ಲಿಯೇ ಹೋಗುತ್ತವೆ. ಫೋನಿನಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅದನ್ನು ನಮ್ಮ ಮದ್ರಸಾದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಈಗಲೂ ರಾತ್ರಿ ಕರೆ ಬಂದರೆ ಹೋಗುತ್ತೇವೆ, ಓದಿ ಊದುತ್ತೇವೆ. ಗಾಡಿ ಬರುವ ತನಕ ಅಲ್ಲಿಯೇ ಕೂರುತ್ತೇವೆ.

ಹೋದ ರಮಝಾನಿನಲ್ಲಿ ಆ ಹುಡುಗನು ತರಾವೀಹ್ ಮುಗಿಸಿ ಮುಸಾಫಹಾಕ್ಕೆ ಕೈ ಚಾಚಿದಾಗ ಮಣಿಕಟ್ಟಿನ ಕಲೆ ಕಂಡಿತು. ನಾವು ಕೈ ಬಿಡದೆ ಕ್ಷಮೆ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಕಟ್ಟಿದ್ದು ಅಣ್ಣ, ಹಜ್ರತ್. ಆದರೆ ನೀವು ಹೇಳಿದ್ದು ನನಗೆ ಕೇಳಿಸಿತ್ತು."