ಹೊಸೂರು ರಸ್ತೆಯಲ್ಲೊಂದು ದಿನ

ಬೆಂಗಳೂರಿಗೆ ಹೋದರೆ ನೀವು ಲಾಲ್‌ಬಾಗ್ ನೋಡುತ್ತೀರಿ, ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುತ್ತೀರಿ. ಈ ಸಲ ನನ್ನ ಜೊತೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬನ್ನಿ. ಮೂಗು ಮುರಿಯಬೇಡಿ. "ಹುಚ್ಚಾಸ್ಪತ್ರೆಗೇನೇ?" ಅಂತ ನಮ್ಮತ್ತೆಯೂ ಕೇಳಿದ್ದರು.

ನನ್ನ ಜೊತೆ ಬಂದವಳು ಹಿಂದಿನ ಬೀದಿಯ ಗೆಳತಿ, ಹೆಸರು ಬೇಡ. ಗಂಡನ ಹೊಡೆತ ಹತ್ತು ವರ್ಷದ್ದು. ಮೈನೋವು ಮರೆತು ನಿದ್ದೆ ಬರಲೆಂದು ಅವನ ಬಾಟಲಿಯಲ್ಲಿ ಉಳಿದದ್ದನ್ನು ಕುಡಿಯತೊಡಗಿದಳು. ಈಗ ಬೆಳಗಾದರೆ ಕೈ ನಡುಗುತ್ತದೆ. ಗಂಡಸು ಕುಡಿದರೆ ಚಟ ಅಂತೀವಿ, ಹೆಂಗಸು ಕುಡಿದರೆ ಏನಂತೀವಿ, ನಿಮಗೇ ಗೊತ್ತು. ಅದಕ್ಕೇ ಆಕೆ ಯಾರಿಗೂ ಹೇಳಿರಲಿಲ್ಲ.

ಬಾಯಿ ಬಿಡಿಸಿದ್ದು ಫೋನು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್, ನಂಬರು 14416. ಹಗಲಿರುಳೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವಳ ಮೊಬೈಲನ್ನು ಗಂಡ ದಿನಾ ತೆಗೆದು ನೋಡುತ್ತಾನೆ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನ ಫೋನಿನಿಂದ ಮಾತಾಡಿದಳು.

"ನಾಳೆಯಿಂದಲೇ ಬಿಟ್ಟುಬಿಡ್ತೀನಿ" ಎಂದಳು. ಆ ಕಡೆಯ ಹೆಣ್ಣುಮಗಳು, "ಒಂದೇ ಸಲಕ್ಕೆ ಬಿಡಬೇಡಿ ಅಮ್ಮಾ, ಡಾಕ್ಟರನ್ನ ಕಂಡು ಬಿಡಿ" ಎಂದಳು. ಇದು ನೀವೂ ತಿಳಿದಿರಬೇಕಾದ ಮಾತು. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಬಹುಕಾಲ ನುಂಗಿದ ನಿದ್ದೆ ಮಾತ್ರೆಗೂ ಇದೇ ಎಚ್ಚರಿಕೆ.

ಹೀಗೆ ಒಂದು ದಿನ ಬೆಳಗಿನ ಜಾವ ಚಿತ್ರದುರ್ಗದಲ್ಲಿ ಕೆಂಪು ಬಸ್ಸು ಹತ್ತಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಇಂಥ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲವಲ್ಲ. ಗಂಡನ ಕೈ ನೋಡದೆ ಆಕೆ ಹೊರಟಿದ್ದು ಅದರಿಂದಲೇ. ಮೆಜೆಸ್ಟಿಕ್ಕಿನಲ್ಲಿ ಇಳಿದು ಸಿಟಿ ಬಸ್ಸು ಹಿಡಿದೆವು.

ಗೇಟಿನೊಳಗೆ ದೊಡ್ಡ ದೊಡ್ಡ ಮರಗಳು. ನೆರಳಲ್ಲಿ ಬುತ್ತಿ ಬಿಚ್ಚಿ ಕೂತ ಸಂಸಾರಗಳು. ಹಳೆಯ ಮಾನಸಿಕ ಆಸ್ಪತ್ರೆಯೂ ಪಕ್ಕದ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಚಟ ಬಿಡಿಸಲೆಂದೇ ಇಲ್ಲಿ ಬೇರೆ ವಿಭಾಗವಿದೆ. ಟೆಲಿ-ಮಾನಸ್‌ಗೆ ದೇಶದ ಮುಖ್ಯ ಕೇಂದ್ರವೂ ಇದೇ.

ಸರದಿ ಬಂದಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಲು ಹೇಳಿ, ಅವಳೊಬ್ಬಳನ್ನೇ ಮಾತಾಡಿಸಿದರು. ಎಷ್ಟೋ ಹೊತ್ತಾದಮೇಲೆ ಈಚೆ ಬಂದು, "ಕುಡಿಯೋದನ್ನ ಆಮೇಲೆ ಕೇಳಿದ್ರು ಅಕ್ಕಾ, ಮೊದಲು ಯಾರು ಹೊಡೀತಾರೆ ಅಂತ ಕೇಳಿದ್ರು" ಎಂದು ಕಣ್ಣೊರೆಸಿಕೊಂಡಳು. ಎರಡನ್ನೂ ಒಟ್ಟಿಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳ ಗಂಡ ಬದಲಾಗಿಲ್ಲ. ಅವಳ ಕೈನಡುಕ ನಿಂತಿದೆ. ಔಷಧಿ ಡಬ್ಬಿ ನಮ್ಮ ಮನೆಯ ಬೀರುವಿನಲ್ಲಿದೆ. ಹೊಡೆತದ ಮಾತಿಗೆ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಿಬಂದಿದ್ದಾಳೆ. ಅಲ್ಲಿ ಚಿಕಿತ್ಸೆ, ವಕೀಲರ ಸಲಹೆ, ಕೆಲವು ದಿನದ ಆಸರೆ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಹೆಂಡತಿಗೆ ಗಂಡನ ಮನೆಯಲ್ಲೇ ಇರುವ ಹಕ್ಕಿದೆ ಎಂದು ಅವಳಿಗೆ ತಿಳಿದಿದ್ದೂ ಅಲ್ಲೇ.

ಎಲ್ಲರೂ ಬೆಂಗಳೂರಿಗೇ ಹೋಗಬೇಕಿಲ್ಲ, ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಬಹುದು. ಮನಸ್ಸಿಗೆ, ಚಟಕ್ಕೆ 14416, ಹೆಂಗಸರ ಸಹಾಯಕ್ಕೆ 181, ಜೀವಭಯವಿದ್ದರೆ 112. ಮೂರನ್ನೂ ಬಾಯಿಪಾಠ ಮಾಡಿಕೊಳ್ಳಿ. ನಿಮ್ಮ ಫೋನು ಬೇರೆಯವರ ಕೈಗೆ ಹೋಗುವುದಾದರೆ ಕರೆಯ ಗುರುತು ಅಳಿಸಿಬಿಡಿ. ನಿಮಗೆ ಬೇಡವಾದರೂ, ನಿಮ್ಮ ಅಡುಗೆಮನೆಗೆ ಬಂದು ಸುಮ್ಮನೆ ಕೂರುವ ಯಾರಿಗೋ ಬೇಕಾದೀತು.